ಬೇಟೆಯ ರೈಫಲ್ ಗುರಿಸ್ಪರ್ಧೆಗೆ ಒದಗೀತೆ?

ಕೊಡಗಿನ ಐನ್‌ಮನೆಗಳಲ್ಲಿ, ಮಲೆನಾಡಿನ ಹಳೆಯ ತೋಟದ ಮನೆಗಳಲ್ಲಿ ಇಂದಿಗೂ ಒಂದು ನೋಟ ಕಾಣಸಿಗುತ್ತದೆ. ಗೋಡೆಯ ಮೇಲೆ ಬಣ್ಣ ಮಾಸಿದ ಕೊಂಬು, ಅದರ ಪಕ್ಕದಲ್ಲಿ ಅಜ್ಜನ ಫೋಟೋ, ಬೀಗ ಹಾಕಿದ ಬೀರುವಿನಲ್ಲಿ ಅಜ್ಜನ ರೈಫಲ್. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ರೈಫಲ್ ಮಾತ್ರ ಉಳಿಯಿತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಬಂದಾಗ ಕೋವಿಗಳನ್ನು ಒರೆಸಿ, ಹೂವಿಟ್ಟು ಪೂಜಿಸುತ್ತಾರೆ. ಬೇರೆ ಕಡೆ ಆಯುಧಪೂಜೆಯ ದಿನ ಹೊರಬಂದು ಮತ್ತೆ ಒಳಗೆ ಹೋಗುತ್ತದೆ.

ಇಂಥ ಮನೆಯ ಹುಡುಗನೋ ಹುಡುಗಿಯೋ ಟಿ.ವಿ.ಯಲ್ಲಿ ಒಲಿಂಪಿಕ್ಸ್ ನೋಡುತ್ತಾರೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲಿನಲ್ಲಿ ಚಿನ್ನ ಗೆದ್ದರು. 2012ರಲ್ಲಿ ಲಂಡನ್ನಿನಲ್ಲಿ ಅದೇ ಸ್ಪರ್ಧೆಯಲ್ಲಿ ಗಗನ್ ನಾರಂಗ್ ಅವರಿಗೆ ಕಂಚು ಬಂತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಲೆ 50 ಮೀಟರ್ ರೈಫಲಿನಲ್ಲಿ ಕಂಚು ತಂದರು. ಆಗ ಮನೆಯಲ್ಲಿ ಪ್ರಶ್ನೆ ಏಳುತ್ತದೆ: ‘ಅಜ್ಜನ ರೈಫಲ್ ಹೇಗೂ ಇದೆಯಲ್ಲ, ಅದರಲ್ಲೇ ಕಲಿಯಬಾರದೆ?’

ಈ ಪ್ರಶ್ನೆಗೆ ‘ಹಳೆಯದು, ಬೇಡ’ ಎಂಬುದೂ ಸರಿಯಾದ ಉತ್ತರವಲ್ಲ. ‘ಹಳೆಯದೇ ಗಟ್ಟಿ’ ಎಂಬುದೂ ಅಲ್ಲ. ರೈಫಲ್ ಎಷ್ಟು ಹಳೆಯದು ಎಂಬುದಕ್ಕಿಂತ ಅದನ್ನು ಯಾವ ಕೆಲಸಕ್ಕೆಂದು ಮಾಡಿದ್ದರು, ಈಗ ಅದು ಯಾವ ಸ್ಥಿತಿಯಲ್ಲಿದೆ ಎಂಬುದು ಮುಖ್ಯ. ಈ ಎರಡನ್ನೂ ಅಳೆದು ತಿಳಿಯಬಹುದು. ಅದಕ್ಕೆ ಬೇಕಾದ ವಿಜ್ಞಾನ ಬಹುಮಟ್ಟಿಗೆ ಶಾಲೆಯ ಪಾಠದಲ್ಲೇ ಇದೆ.

ಮೊದಲು ಕಾಗದ ಪತ್ರ

ನಳಿಗೆ ನೋಡುವುದಕ್ಕೆ ಮುಂಚೆ ಲೈಸೆನ್ಸ್ ನೋಡಬೇಕು. ಲೈಸೆನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯವರು ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಲೈಸೆನ್ಸ್ ಪಡೆಯಲು 21 ವರ್ಷ ತುಂಬಿರಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಆ ವಿನಾಯಿತಿ ಎಲ್ಲ ಬಗೆಯ ಆಯುಧಗಳಿಗೂ ಅಲ್ಲ. ಮನೆಯಲ್ಲಿರುವ ರೈಫಲ್ ಅದರೊಳಗೆ ಬರುತ್ತದೆಯೇ ಎಂದು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ ತಿಳಿಯುವುದು ಕ್ಷೇಮ.

ನಳಿಗೆಯ ಒಳ ಅಳತೆಯನ್ನೂ ನೋಡಬೇಕು. .303 ಸೈನ್ಯದ ಅಳತೆಯಾದ್ದರಿಂದ ಸಾಮಾನ್ಯ ನಾಗರಿಕರಿಗೆ ಅದು ನಿಷಿದ್ಧ. ಬ್ರಿಟಿಷರ ಕಾಲದಲ್ಲೇ ಹಾಕಿದ ಈ ಕಟ್ಟುಪಾಡಿನಿಂದಾಗಿಯೇ ನಮ್ಮಲ್ಲಿ .315 ಎಂಬ ಬೇರೆ ಅಳತೆ ಬಳಕೆಗೆ ಬಂತು. ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಈ .315, ಇಲ್ಲವೇ .22. ಚೆಕೊಸ್ಲೊವಾಕಿಯಾದಿಂದ ಬಂದ ಬ್ರನೊ ಹೆಸರಿನ .22 ರೈಫಲ್‌ಗಳು ಹಳಬರಿಗೆಲ್ಲ ಗೊತ್ತು.

ಬೇಟೆಗಾರನ ಲೆಕ್ಕ ಬೇರೆ

ಬೇಟೆಗಾರ ಕಾಡಿನಲ್ಲಿ ದಿನವಿಡೀ ನಡೆಯಬೇಕಿತ್ತು. ಆದ್ದರಿಂದ ರೈಫಲ್ ಹಗುರವಾಗಿರಬೇಕು, ನಳಿಗೆ ತೆಳುವಾಗಿರಬೇಕು. ಪ್ರಾಣಿ ಕಂಡ ಗಳಿಗೆಯಲ್ಲಿ ಒಂದು ಈಡು, ಹೆಚ್ಚೆಂದರೆ ಎರಡು. ಆ ಮೊದಲನೆಯ ಈಡು, ತಣ್ಣಗಿರುವ ನಳಿಗೆಯಿಂದ ಹೊರಟದ್ದು, ನಂಬಿಕೆಗೆ ಅರ್ಹವಾಗಿದ್ದರೆ ಸಾಕು. ಜಿಂಕೆಯ ಎದೆಯ ಮರ್ಮಭಾಗ ಸುಮಾರು 20 ಸೆಂಟಿಮೀಟರ್ ಅಗಲ. 100 ಮೀಟರ್ ದೂರದಲ್ಲಿ 10 ಸೆಂಟಿಮೀಟರಿನ ವೃತ್ತದೊಳಗೆ ಗುಂಡು ಬಿದ್ದರೆ ಅದು ಒಳ್ಳೆಯ ಬೇಟೆ ರೈಫಲ್.

ಗುರಿಸ್ಪರ್ಧೆಯ ಲೆಕ್ಕ ಇದಕ್ಕೆ ತಿರುಗುಮುರುಗು. ಅಲ್ಲಿ ನಡೆಯಬೇಕಿಲ್ಲ, ನಿಂತು, ಮಂಡಿಯೂರಿ ಅಥವಾ ಮಲಗಿ ಹೊಡೆಯಬೇಕು. ಒಂದಲ್ಲ, 60 ಗುಂಡು. ಅರುವತ್ತನೆಯದೂ ಮೊದಲನೆಯದರಂತೆಯೇ ಹೋಗಬೇಕು. 50 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ 10 ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ನಮ್ಮ ಒಂದು ರೂಪಾಯಿ ನಾಣ್ಯಕ್ಕಿಂತ ಅದು ಎಷ್ಟೋ ಚಿಕ್ಕದು. 10 ಮೀಟರ್ ಏರ್ ರೈಫಲಿನಲ್ಲಂತೂ 10 ಅಂಕಕ್ಕೆ ಇರುವುದು ಅರ್ಧ ಮಿಲಿಮೀಟರಿನ ಒಂದು ಚುಕ್ಕೆ.

ಕೊಡಗಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಎಲ್ಲರಿಗೂ ಪ್ರಿಯ. ಅಲ್ಲಿ ಕಾಯಿಗೆ ತಗುಲಿದರೆ ಗೆಲುವು, ತಪ್ಪಿದರೆ ಸೋಲು. ಕಾಯಿಯ ನಡುವಿಗೆ ಬಿತ್ತೋ ಅಂಚಿಗೆ ಬಿತ್ತೋ ಎಂದು ಯಾರೂ ಅಳೆಯುವುದಿಲ್ಲ. ಗುರಿಹಲಗೆ ಹಾಗಲ್ಲ. ಅದು ಪ್ರತಿ ಮಿಲಿಮೀಟರಿಗೂ ಲೆಕ್ಕ ಕೇಳುತ್ತದೆ. ಕಾಯಿ ಒಡೆದ ರೈಫಲ್ ಗುರಿಹಲಗೆಯಲ್ಲಿ ಅಂಕ ತರುತ್ತದೆಂದು ಹೇಳಲು ಬರುವುದಿಲ್ಲ.

ನಳಿಗೆಯ ಒಳಗಿನ ಕಥೆ

ರೈಫಲ್ ನಳಿಗೆಯ ಒಳಗೋಡೆಯಲ್ಲಿ ತಿರುಪಿನಂತೆ ಸುತ್ತಿ ಬಂದ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ತಿರುಗುವ ಬುಗುರಿ ಬೀಳದಂತೆ ತಿರುಗುವ ಗುಂಡೂ ಹಾದಿಯಲ್ಲಿ ಓಲಾಡುವುದಿಲ್ಲ. .22 ರೈಫಲಿನಲ್ಲಿ ಗುಂಡು ಸಾಮಾನ್ಯವಾಗಿ 16 ಅಂಗುಲಕ್ಕೆ ಒಂದು ಸುತ್ತು ತಿರುಗುತ್ತದೆ. 16 ಅಂಗುಲವೆಂದರೆ ಸುಮಾರು 0.41 ಮೀಟರ್. ಗುಂಡಿನ ವೇಗ ಸೆಕೆಂಡಿಗೆ 330 ಮೀಟರ್ ಎಂದಿಟ್ಟುಕೊಂಡರೆ, ಅದು ಸೆಕೆಂಡಿಗೆ 800 ಸುತ್ತು ತಿರುಗುತ್ತ ಹೊರಬೀಳುತ್ತದೆ. ಈ ಗೆರೆಗಳು ಸವೆದರೆ, ತುಕ್ಕು ಹಿಡಿದರೆ, ಗುಂಡಿನ ಹಿಡಿತ ತಪ್ಪುತ್ತದೆ.

ತುಕ್ಕಿನ ಹಿಂದೆ ಒಂದು ರಸಾಯನ ಪಾಠವಿದೆ. ಹಳೆಯ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಪ್ರತಿ ಮನೆಯವರೂ ಕಂಡಿದ್ದಾರೆ. ನಳಿಗೆಯೊಳಗಿನ ಉಪ್ಪೂ ಹಾಗೆಯೇ ತೇವ ಎಳೆದುಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಹಲವರು ಬರಿ ಎಣ್ಣೆ ಹಾಕಿ ಒರೆಸಿ, ಶುಚಿಯಾಯಿತು ಎಂದುಕೊಂಡರು. ಆದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಬಿಸಿನೀರಿನಿಂದ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುವುದು ಸರಿಯಾದ ಕ್ರಮ. ಕೊಡಗಿನಂಥ ತೇವದ ಊರಿನಲ್ಲಿ ಈ ಕ್ರಮ ತಪ್ಪಿದ ಎಷ್ಟೋ ರೈಫಲ್‌ಗಳ ಹೊರಮೈ ಹೊಳೆಯುತ್ತದೆ, ಒಳಗೆ ಗುಳಿ ಬಿದ್ದಿರುತ್ತದೆ.

ಇನ್ನೊಂದು ಅಪಾಯ ಪುಟ್ಟ ಕಣಜದ ಹುಳುವಿನಿಂದ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆಯೊಳಗೆ ಅದು ಮಣ್ಣಿನ ಗೂಡು ಕಟ್ಟಬಹುದು. ಅಡ್ಡಿಯಿರುವ ನಳಿಗೆಯಲ್ಲಿ ಗುಂಡು ಹಾರಿಸಿದರೆ ಒಳಗಿನ ಅನಿಲಕ್ಕೆ ದಾರಿ ಸಿಗದೆ ನಳಿಗೆಯೇ ಸಿಡಿಯಬಹುದು. ಆದ್ದರಿಂದ ಬಹುಕಾಲ ಬಳಸದ ರೈಫಲನ್ನು ಪರವಾನಗಿ ಇರುವ ಕೋವಿ ದುರಸ್ತಿಗಾರರ ಕೈಗೆ ಕೊಟ್ಟು ತೋರಿಸದೆ ಒಂದೇ ಒಂದು ಗುಂಡನ್ನೂ ಹಾರಿಸಕೂಡದು. ತೋಟಾ ತುಂಬಿದೆಯೇ ಇಲ್ಲವೇ ಎಂದು ನೋಡುವ ಕೆಲಸವೂ ದೊಡ್ಡವರದು, ತಿಳಿದವರದು. ಮಕ್ಕಳ ಕೆಲಸವಲ್ಲ.

ದುರಸ್ತಿಗಾರರನ್ನು ಮೂರು ಮಾತು ಕೇಳಬೇಕು. ಒಳಗೆರೆಗಳು ತುದಿಯಿಂದ ತುದಿಗೆ ಚೂಪಾಗಿವೆಯೇ? ನಳಿಗೆಯ ಬಾಯಂಚಿಗೆ ಪೆಟ್ಟು ಬಿದ್ದಿದೆಯೇ? ತೋಟಾ ಕೂರುವ ಕೋಣೆ ಮತ್ತು ಬೋಲ್ಟಿನ ಹಿಡಿತ ಸರಿಯಾಗಿವೆಯೇ? ಮೂರನೆಯದು ಹೊಡೆಯುವವರ ಪ್ರಾಣದ ಪ್ರಶ್ನೆ. ಅದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ಪರೀಕ್ಷೆಗಳೇ ಬೇಕಿಲ್ಲ. ಎರಡನೆಯದನ್ನು ಹಗುರವಾಗಿ ಎಣಿಸಬಾರದು. ಗುಂಡು ಹೊರಬೀಳುವ ಕ್ಷಣದಲ್ಲಿ ಬಾಯಂಚು ಒಂದು ಕಡೆ ಮುಕ್ಕಾಗಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆಗೆ ತಳ್ಳುತ್ತದೆ.

ಒಂದು ಡಿಗ್ರಿ ಬಿಸಿಯ ಮಹಿಮೆ

ತೆಳು ನಳಿಗೆ ಬೇಗ ಬಿಸಿಯಾಗುತ್ತದೆ. ಬಿಸಿಯಾದರೆ ಏನಾದೀತು? ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಲೆಕ್ಕ ಮಾಡಬಹುದು.

ನಳಿಗೆ 600 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ ದಶಲಕ್ಷದಲ್ಲಿ 12 ಭಾಗದಷ್ಟು ಹಿಗ್ಗುತ್ತದೆ. ನಳಿಗೆಯ ಒಂದು ಮಗ್ಗುಲು ಇನ್ನೊಂದಕ್ಕಿಂತ ಉದ್ದಕ್ಕೂ ಒಂದೇ ಒಂದು ಡಿಗ್ರಿ ಹೆಚ್ಚು ಬಿಸಿಯಾಯಿತು ಎನ್ನಿ. ಆ ಮಗ್ಗುಲು 0.0072 ಮಿಲಿಮೀಟರ್ ಹೆಚ್ಚು ಉದ್ದವಾಗುತ್ತದೆ. ಕಣ್ಣಿಗೆ ಕಾಣದಷ್ಟು. ಆದರೆ ನಳಿಗೆ ಬಾಗುತ್ತದೆ. ಬಾಗಿದ ಕೋನ 0.0072ನ್ನು 15ರಿಂದ ಭಾಗಿಸಿದಷ್ಟು, ಎಂದರೆ 0.00048 ರೇಡಿಯನ್. 100 ಮೀಟರ್ ದೂರದಲ್ಲಿ ಇದು 48 ಮಿಲಿಮೀಟರ್ ಆಗುತ್ತದೆ! 50 ಮೀಟರಿನಲ್ಲಿ 24. ಹತ್ತು ಅಂಕದ ವೃತ್ತ ಹತ್ತೂವರೆ ಮಿಲಿಮೀಟರೂ ಇಲ್ಲ ಎಂಬುದನ್ನು ನೆನೆದರೆ ಇದರ ತೀವ್ರತೆ ತಿಳಿಯುತ್ತದೆ.

ಗುರಿಸ್ಪರ್ಧೆಯ ರೈಫಲ್‌ಗಳ ನಳಿಗೆ ದಪ್ಪವಾಗಿ, ಭಾರವಾಗಿ ಇರುವುದು ಇದಕ್ಕಾಗಿಯೇ. ದಪ್ಪ ನಳಿಗೆ ನಿಧಾನವಾಗಿ ಬಿಸಿಯಾಗುತ್ತದೆ, ಕಡಿಮೆ ಬಾಗುತ್ತದೆ, ಕಡಿಮೆ ಅದುರುತ್ತದೆ. ಬೇಟೆಗಾರನಿಗೆ ಹೊರೆಯಾಗುವ ತೂಕ ಇಲ್ಲಿ ಗೆಳೆಯ.

ನಳಿಗೆಯನ್ನು ಹೊತ್ತ ಮರದ ಭಾಗವನ್ನೂ ನೋಡಬೇಕು. ಇದಕ್ಕೆ ಸ್ಟಾಕ್ ಎನ್ನುತ್ತಾರೆ. ಜೂನ್ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವಂತೆ ಸ್ಟಾಕಿನ ಮರವೂ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹೀಗಾದಾಗ ಅದು ನಳಿಗೆಯನ್ನು ಒಂದು ಕಡೆ ಒತ್ತುತ್ತದೆ. ಮಾರ್ಚಿಯಲ್ಲಿ ನಡುವಿಗೆ ಹೊಡೆದ ರೈಫಲ್ ಆಗಸ್ಟಿನಲ್ಲಿ ಓರೆಗೆ ಹೊಡೆಯುವುದು ಇದರಿಂದಲೇ. ದುರಸ್ತಿಗಾರರು ನಳಿಗೆಗೂ ಮರಕ್ಕೂ ನಡುವೆ ತೆಳು ಕಾಗದ ಎಳೆದು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಿ ಹೇಳಬಲ್ಲರು. ಇದು ಸರಿಪಡಿಸಬಹುದಾದ ದೋಷ.

ಕಣ್ಣು, ಬೆರಳು, ಭುಜ

ಬೇಟೆ ರೈಫಲಿನಲ್ಲಿ ಹಿಂದೆ ಒಂದು ಸೀಳು, ಮುಂದೆ ಒಂದು ಮೊಳೆ. ಸೀಳು, ಮೊಳೆ, ಗುರಿ ಮೂರೂ ಬೇರೆ ಬೇರೆ ದೂರದಲ್ಲಿವೆ. ಕಣ್ಣು ಏಕಕಾಲಕ್ಕೆ ಮೂರನ್ನೂ ಸ್ಪಷ್ಟವಾಗಿ ಕಾಣಲಾರದು. ಗುರಿಸ್ಪರ್ಧೆಯ ರೈಫಲಿನಲ್ಲಿ ಹಿಂದೆ ಇರುವುದು ಸಣ್ಣ ರಂಧ್ರ. ಅದರ ಉಪಕಾರವನ್ನು ಮನೆಯಲ್ಲೇ ನೋಡಬಹುದು. ದಪ್ಪ ಕಾಗದಕ್ಕೆ ಗುಂಡುಪಿನ್ನಿನಿಂದ ಒಂದು ತೂತು ಮಾಡಿ. ಈ ಪುಟವನ್ನು ಅಕ್ಷರ ಮಸುಕಾಗುವಷ್ಟು ಹತ್ತಿರ ಹಿಡಿದು, ಒಳ್ಳೆಯ ಬೆಳಕಿನಲ್ಲಿ ಆ ತೂತಿನ ಮೂಲಕ ನೋಡಿ. ಅಕ್ಷರಗಳು ಸ್ಪಷ್ಟವಾಗುತ್ತವೆ. ಸೂಜಿರಂಧ್ರ ಕ್ಯಾಮೆರಾದ ತತ್ತ್ವವೇ ಇದು.

ಟ್ರಿಗರನ್ನು ಹಳಬರು ಕುದುರೆ ಎನ್ನುತ್ತಾರೆ. ಕಾಡಿನಲ್ಲಿ ಮುಳ್ಳು ತಾಗಿ ಈಡಾಗಬಾರದೆಂದು ಬೇಟೆ ರೈಫಲಿನ ಕುದುರೆಯನ್ನು ಬಿಗಿಯಾಗಿಯೇ ಇಟ್ಟಿರುತ್ತಾರೆ. ಅದನ್ನು ಎಳೆಯಲು ಒಂದೂವರೆ, ಎರಡು ಕಿಲೋ ತೂಕದಷ್ಟು ಬಲ ಬೇಕಾದೀತು. ಅಷ್ಟು ಬಲ ಹಾಕುವಾಗ ಇಡೀ ರೈಫಲ್ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಸ್ಪರ್ಧೆಯ .22 ಮತ್ತು ಏರ್ ರೈಫಲಿನ ಕುದುರೆಗೆ ನೂರು ಗ್ರಾಮಿನ ಆಸುಪಾಸಿನ ಒತ್ತಡ ಸಾಕು. ಬೇಟೆ ರೈಫಲಿನ ಕುದುರೆಯನ್ನು ಮನೆಯಲ್ಲಿ ಅರದಿಂದ ಉಜ್ಜಿ ಸಡಿಲಿಸುವ ಸಾಹಸ ಮಾತ್ರ ಯಾರೂ ಮಾಡಬಾರದು. ಹಾಗೆ ಮಾಡಿದ ರೈಫಲ್ ನೆಲಕ್ಕೆ ತಾಗಿದರೂ ಸಿಡಿದೀತು.

ಕೊನೆಯದು ಭುಜದ ಪ್ರಶ್ನೆ. ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮೂಲಕ ಕನ್ನಡಿಗರಿಗೆ ಪರಿಚಯಿಸಿದ ಕೆನೆತ್ ಆಂಡರ್ಸನ್ ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್. ಅದರ ಗುಂಡು ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ನ್ಯೂಟನ್ನನ ಮೂರನೆಯ ನಿಯಮದಂತೆ, ರೈಫಲ್ 4 ಕಿಲೋ ಎಂದಿಟ್ಟುಕೊಂಡರೆ, ಅದು ಸೆಕೆಂಡಿಗೆ 3 ಮೀಟರಿಗೂ ಹೆಚ್ಚಿನ ವೇಗದಲ್ಲಿ ಭುಜಕ್ಕೆ ಗುದ್ದುತ್ತದೆ. ಶಕ್ತಿ ಸುಮಾರು 20 ಜೂಲ್. .22 ರೈಫಲಿನ ಗುಂಡು 2.6 ಗ್ರಾಂ, ವೇಗ 330 ಮೀಟರ್. 3 ಕಿಲೋ ರೈಫಲಿನಲ್ಲಿ ಗುದ್ದಿನ ಶಕ್ತಿ 0.12 ಜೂಲ್ ಮಾತ್ರ. ಮದ್ದಿನ ಅನಿಲದ ಪಾಲನ್ನು ಬಿಟ್ಟು ಮಾಡಿದ ಈ ಲೆಕ್ಕದಲ್ಲೇ ಎರಡಕ್ಕೂ ನೂರೈವತ್ತು ಪಟ್ಟಿಗೂ ಮೀರಿದ ಅಂತರ! ನರಭಕ್ಷಕನ ಎದುರು ನಿಂತವರಿಗೆ ಒಂದು ಗುದ್ದು ಲೆಕ್ಕಕ್ಕಿರಲಿಲ್ಲ. ಅರುವತ್ತು ಸಲ ಗುದ್ದಿಸಿಕೊಂಡ ಹದಿನಾಲ್ಕರ ಮಗು ಮಾತ್ರ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚಿ ಭುಜ ಕುಗ್ಗಿಸುವುದನ್ನು ಕಲಿಯುತ್ತದೆ. ಈ ಬೆಚ್ಚುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ತರಬೇತುದಾರರಿಗೂ ಕಷ್ಟ. .315ರ ಗುದ್ದು .405ಕ್ಕಿಂತ ಕಡಿಮೆಯಾದರೂ ಇದೇ ಜಾತಿಯದು.

ಕಾಗದವೇ ತೀರ್ಪುಗಾರ

ಕಾಗದ ಪತ್ರ ಸರಿಯಿದ್ದು, ದುರಸ್ತಿಗಾರರು ಕ್ಷೇಮವೆಂದ ಮೇಲೆ ರೈಫಲನ್ನು ಹೊಡೆದು ನೋಡಬೇಕು. ಅದು ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲೇ ಆಗಬೇಕು. ‘ನಮ್ಮದೇ ತೋಟ, ಯಾರೂ ಓಡಾಡುವುದಿಲ್ಲ’ ಎಂಬ ಮಾತು ಸಲ್ಲದು. ಪುಟ್ಟ .22 ಗುಂಡು ಕೂಡ ಒಂದು ಕಿಲೋಮೀಟರಿಗೂ ದೂರ ಹೋಗಬಲ್ಲದು. ತೋಟದಾಚೆ ಕಾಫಿ ಕೊಯ್ಯುವವರು ಇರುತ್ತಾರೆ.

ಲೈಸೆನ್ಸುದಾರರು ರೈಫಲನ್ನು ಮರಳಿನ ಚೀಲದ ಮೇಲೆ ಅಲುಗದಂತೆ ಇಟ್ಟು, ಒಂದೇ ಬಗೆಯ ತೋಟಾ ಬಳಸಿ, 50 ಮೀಟರ್ ದೂರದ ಕಾಗದಕ್ಕೆ ಐದು ಗುಂಡು ಹೊಡೆಯಲಿ. ಹೊಸ ಕಾಗದ, ಮತ್ತೆ ಐದು. ಹೀಗೆ ನಾಲ್ಕು ಸಲ. ಗುಂಡುಗಳು ನಡುವಿಗೆ ಬಿದ್ದವೇ ಎಂಬುದು ಈಗ ಮುಖ್ಯವಲ್ಲ; ಅವು ಒಟ್ಟಿಗೆ ಬಿದ್ದವೇ ಎಂಬುದು ಮುಖ್ಯ. ಒಟ್ಟಾಗಿ ಎಡಕ್ಕೆ ಬಿದ್ದರೆ ಗುರಿಮೊಳೆ ತಿರುಗಿಸಿ ನಡುವಿಗೆ ತರಬಹುದು. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಯಾವ ತಿರುಪೂ ಸಹಾಯಕ್ಕೆ ಬಾರದು. ನಾಲ್ಕು ಕಾಗದಗಳಲ್ಲಿ ಅತಿ ಚೆಂದದ್ದನ್ನು ಮಾತ್ರ ನೆಂಟರಿಗೆ ತೋರಿಸುವುದು ಮನುಷ್ಯ ಸ್ವಭಾವ. ಪ್ರಯೋಗಶಾಲೆಯಲ್ಲಿ ಅದು ನಡೆಯದು, ನಾಲ್ಕನ್ನೂ ಅಳೆಯಬೇಕು.

.22 ಆದರೆ ಲೆಕ್ಕ ಸುಲಭ. ಗುಂಡಿನ ವ್ಯಾಸ 5.6 ಮಿಲಿಮೀಟರ್, ವೃತ್ತದ ಗೆರೆಗೆ ತಾಗಿದರೂ ಆ ಅಂಕ ಸಿಗುತ್ತದೆ. ಆದ್ದರಿಂದ ತೂತುಗಳ ನಡುಬಿಂದುಗಳು 16 ಮಿಲಿಮೀಟರಿನ ವೃತ್ತದೊಳಗೆ ಕೂತರೆ, ಗುರಿ ಸರಿಪಡಿಸಿದ ಮೇಲೆ ಎಲ್ಲವೂ ಹತ್ತು. 32 ಮಿಲಿಮೀಟರಿನೊಳಗಿದ್ದರೆ ಯಾವುದೂ ಒಂಬತ್ತಕ್ಕಿಂತ ಇಳಿಯದು. 48ಕ್ಕೂ ಮೀರಿದರೆ, ಎಷ್ಟೇ ನುರಿತವರು ಹೊಡೆದರೂ ಕೆಲವು ಗುಂಡು ಏಳಕ್ಕೆ ಬೀಳುತ್ತವೆ. ಅಂಥ ರೈಫಲಿನಲ್ಲಿ ಕಲಿಯುವ ಮಗುವಿಗೆ ತಪ್ಪು ತನ್ನದೋ ರೈಫಲಿನದೋ ತಿಳಿಯುವುದೇ ಇಲ್ಲ. ಕಲಿಕೆಗೆ ಇದಕ್ಕಿಂತ ದೊಡ್ಡ ಅಡ್ಡಿಯಿಲ್ಲ.

ಹಾಗಾದರೆ ಏನು ಮಾಡುವುದು?

ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ .22 ರೈಫಲ್ ಈ ಪರೀಕ್ಷೆಯಲ್ಲಿ ಗೆದ್ದರೆ ಮನೆಯ ಹಿರಿಯರು ಅದರಲ್ಲಿ ಮಲಗಿ ಹೊಡೆಯುವ ಅಭ್ಯಾಸಕ್ಕೆ ಧಾರಾಳವಾಗಿ ತೊಡಗಬಹುದು. ಊರ ಪಂದ್ಯಕ್ಕೂ ಅದು ಒದಗೀತು. ಮೇಲ್ಮಟ್ಟದ ಸ್ಪರ್ಧೆಗೆ ಅದು ಸಾಲದು. ಅಲ್ಲಿ ದಪ್ಪ ನಳಿಗೆ, ರಂಧ್ರದ ಗುರಿ, ದೇಹಕ್ಕೆ ಹೊಂದಿಸುವ ಸ್ಟಾಕ್ ಬೇಕು. .315 ಮತ್ತು ಅದಕ್ಕಿಂತ ದೊಡ್ಡ ಬೇಟೆ ರೈಫಲ್‌ಗಳು ಕಲಿಕೆಗೆ ಒಗ್ಗುವುದಿಲ್ಲ. 50 ಮೀಟರ್ ಸ್ಪರ್ಧೆಯಲ್ಲಿ .22 ಬಿಟ್ಟು ಬೇರೆ ಅಳತೆಗೆ ಪ್ರವೇಶವಿಲ್ಲ. ದೊಡ್ಡ ರೈಫಲ್‌ಗಳ 300 ಮೀಟರ್ ಸ್ಪರ್ಧೆ 1972ರ ಮ್ಯೂನಿಕ್ ಬಳಿಕ ಒಲಿಂಪಿಕ್ಸಿನಲ್ಲಿಲ್ಲ. ಹಳೆಯ ರೈಫಲಿಗೆ ಹೊಸ ನಳಿಗೆ, ಹೊಸ ಸ್ಟಾಕ್, ಹೊಸ ಕುದುರೆ ಎಂದು ಹಣ ಸುರಿಯುತ್ತ ಹೋದರೆ ಕೊನೆಗೆ ಕೈಯಲ್ಲುಳಿಯುವುದು ಅಜ್ಜನ ರೈಫಲೂ ಅಲ್ಲ, ಸ್ಪರ್ಧೆಯ ರೈಫಲೂ ಅಲ್ಲ.

ಮಗು ಕಲಿಯಬೇಕಾದ್ದು 10 ಮೀಟರ್ ಏರ್ ರೈಫಲಿನಲ್ಲಿ, ಕ್ಲಬ್ಬಿನ ತರಬೇತುದಾರರ ಕಣ್ಣೆದುರು. ಗುದ್ದಿಲ್ಲ, ಅಬ್ಬರವಿಲ್ಲ, ಗುಳಿಗೆಯೂ ಅಗ್ಗ. ಹಲವು ಕ್ಲಬ್ಬುಗಳಲ್ಲಿ ಹೊಸಬರಿಗೆ ಕ್ಲಬ್ಬಿನ ರೈಫಲೇ ಸಿಗುವುದರಿಂದ ತಂದೆತಾಯಿಯರು ಮೊದಲ ದಿನವೇ ಸಾಲ ಮಾಡಿ ಕೊಳ್ಳಬೇಕಿಲ್ಲ. ಬಿಂದ್ರಾ ಅವರ ಚಿನ್ನವೂ ಈ ಏರ್ ರೈಫಲಿನದೇ ಎಂಬುದನ್ನು ಮಕ್ಕಳಿಗೆ ನೆನಪಿಸಿದರೆ ‘ಇದು ಆಟಿಕೆ’ ಎಂಬ ಅಸಡ್ಡೆ ಉಳಿಯುವುದಿಲ್ಲ. ಮುಂದೆ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಘದ ಅರ್ಹತಾ ಪಂದ್ಯಗಳ ದಾರಿ ಇದ್ದೇ ಇದೆ. ಅದರ ಮೊದಲ ಅಧ್ಯಕ್ಷರಾಗಿದ್ದವರು ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್; ಅವರ ಹೆಸರಿನ ಪಂದ್ಯವೇ ಅನೇಕ ಯುವಕರಿಗೆ ರಾಷ್ಟ್ರಮಟ್ಟದ ಹೊಸ್ತಿಲು.

ಗುರಿಸ್ಪರ್ಧೆಗೆ ಒಗ್ಗದೆಂಬ ಮಾತ್ರಕ್ಕೆ ಅಜ್ಜನ ರೈಫಲಿಗೆ ಅವಮಾನವೇನೂ ಇಲ್ಲ. ಅದನ್ನು ಮಾಡಿದವರು ಅದಕ್ಕೆ ಒಪ್ಪಿಸಿದ್ದ ಕೆಲಸವೇ ಬೇರೆ, ಆ ಕೆಲಸವನ್ನು ಅದು ಮುಗಿಸಿದೆ. ಉಳುವ ಎತ್ತನ್ನು ಯಾರೂ ರೇಸಿಗೆ ಕಟ್ಟುವುದಿಲ್ಲ, ಕಟ್ಟಲಿಲ್ಲವೆಂದು ಎತ್ತಿನ ಬೆಲೆ ಇಳಿಯುವುದೂ ಇಲ್ಲ. ಲೈಸೆನ್ಸ್ ಸರಿಪಡಿಸಿ, ಉಪ್ಪು ತೊಳೆದು, ಎಣ್ಣೆ ಹಚ್ಚಿ, ತೋಟಾಗಳನ್ನು ಬೇರೆಡೆ ಇಟ್ಟು, ಬೀಗ ಹಾಕಿದ ಬೀರುವಿನಲ್ಲಿ ಅದನ್ನು ಕಾಪಾಡಬಹುದು. ಹಬ್ಬದ ದಿನ ಹೂವಿಡಬಹುದು. ಗುರಿಯ ಪಾಠವನ್ನು ಮಾತ್ರ ಅದಕ್ಕೆಂದೇ ಮಾಡಿದ ರೈಫಲಿನಿಂದ ಕಲಿಯುವುದು ಲೇಸು.